ಒಂದು ಬೇಸಿನ್, ಎರಡು ಕೂಸು

ಮೊನ್ನೆ ಗುಬ್ಬಿಯಲ್ಲಿ ನಾದಿನಿಯ ಮನೆಗೆ ಹೋಗಿದ್ದೆ. ಗೀಸರ್ ಹಾಕಿಸಿ ವರ್ಷಗಳಾದರೂ ಅವರ ಮನೆಯಲ್ಲಿ ಹಂಡೆ ಒಲೆ ಇನ್ನೂ ಉರಿಯುತ್ತದೆ. ಬೆಳಗ್ಗೆ ಸ್ನಾನಕ್ಕೆ ಕೂತು ಮೊದಲ ಚೊಂಬು ಸುರಿದುಕೊಂಡಾಗ ತೆಂಗಿನ ಮಟ್ಟೆಯ ಹೊಗೆ ಹಿಡಿದ ಬಿಸಿನೀರಿನ ವಾಸನೆ ಮುಖಕ್ಕೆ ಬಡಿಯಿತು. ಸೋಪು ಕೈಯಲ್ಲೇ ಉಳಿಯಿತು. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ... ಹೊರಗಿನಿಂದ ನಾದಿನಿ ಬಾಗಿಲು ತಟ್ಟಿ, "ಅತ್ಗೆ, ನೀರು ಸಾಕಾ?" ಎಂದು ಕೇಳಿದ ಮೇಲೇ ಎಚ್ಚರವಾದದ್ದು.

ಆ ವಾಸನೆಯ ಜೊತೆಗೆ ನೆನಪಿಗೆ ಬಂದವಳು ಹಿಂದೊಮ್ಮೆ ನಮ್ಮ ಪಕ್ಕದ ಮನೆಯಲ್ಲಿದ್ದವಳು.

ನನ್ನ ಮಗಳು ಹುಟ್ಟಿದ ವರ್ಷ ನಾವು ತುಮಕೂರಿನಲ್ಲಿ, ಸತ್ಯಮಂಗಲದ ಕಡೆ ಒಂದು ವಠಾರದಲ್ಲಿದ್ದೆವು. ಸಾಲಾಗಿ ಚಿಕ್ಕಚಿಕ್ಕ ಮನೆಗಳು, ಹಿಂದೆ ಎಲ್ಲರಿಗೂ ಸೇರಿ ಒಂದು ನೀರೊಲೆ, ಅದರ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು. ನಮ್ಮ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಅವಳಿದ್ದಳು. ಕುಣಿಗಲ್ ಕಡೆಯ ಮಾರ್ಕೋನಹಳ್ಳಿಯಿಂದ ಮದುವೆಯಾಗಿ ಬಂದವಳು. ಗಂಡ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಮಿಷಿನ್ ಮೇಲೆ ಕೆಲಸ ಮಾಡುತ್ತಿದ್ದ. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಾದ್ದರಿಂದ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳ ಮಗ ನನ್ನ ಮಗಳಿಗಿಂತ ಒಂದೇ ತಿಂಗಳು ದೊಡ್ಡವನು.

ನನ್ನ ಅಮ್ಮ ಬಾಣಂತನ ಮುಗಿಸಿ ಊರ್ಡಿಗೆರೆಗೆ ವಾಪಸ್ಸು ಹೋದ ಮೇಲೆ ಮಗುವಿಗೆ ನೀರು ಹಾಕುವುದು ನನ್ನ ಪಾಲಿಗೆ ಬಂತು. ಅಮ್ಮ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದಳು. ನನಗೆ ಆ ಧೈರ್ಯವಿರಲಿಲ್ಲ. ನಾನು ಮೊದಲು ಕೆಲಸ ಮಾಡುತ್ತಿದ್ದ ಶಾಲೆಯ ಟೀಚರುಗಳು ಕೊಟ್ಟಿದ್ದ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಟಬ್ಬೇ ನನಗೆ ಆಧಾರ. ಎಳೆಗೂಸಿಗೆ ಅದು ಸರಿಯಾಗಿತ್ತು. ಆದರೆ ಮಗಳು ಕೂರಲು ಕಲಿತಳು, ಆಮೇಲೆ ಅಂಚು ಹಿಡಿದು ಏಳಲು ಕಲಿತಳು. ಮಂಡಿ ಮಡಚಿದರೆ ಟಬ್ಬಿನ ಒಂದು ಕೊನೆ, ಬೆನ್ನು ಚಾಚಿದರೆ ಇನ್ನೊಂದು ಕೊನೆ. ಒಂದು ಬೆಳಗ್ಗೆ ನೀರೊಲೆಯ ಪಕ್ಕದಲ್ಲಿ ಎರೆಯುತ್ತಿದ್ದಾಗ ಅವಳು ಅಂಚಿನ ಮೇಲೆ ಭಾರ ಬಿಟ್ಟು ನಿಂತೇಬಿಟ್ಟಳು. ಟಬ್ಬು ಮಗುಚಿತು. ನಾನು ತೋಳು ಹಿಡಿದು ಎಳೆದುಕೊಳ್ಳದಿದ್ದರೆ ತಲೆ ಕಲ್ಲಿಗೆ ಬೀಳುತ್ತಿತ್ತು. ನೀರೆಲ್ಲ ನನ್ನ ಮೇಲೆ, ಮಗಳ ಮೈಯೆಲ್ಲ ಸೋಪು, ಇಬ್ಬರೂ ಅಳುತ್ತಿದ್ದೆವು.

ಒಲೆಗೆ ಮಟ್ಟೆ ತುರುಕುತ್ತಿದ್ದ ಪಕ್ಕದ ಮನೆಯವಳು ಎದ್ದು ಬಂದು ಮಗಳನ್ನು ನನ್ನ ಕೈಯಿಂದ ಎತ್ತಿಕೊಂಡಳು.

"ಬುಡಿ ಅಕ್ಕ, ಆ ಟಬ್ಬು ಇನ್ಮೇಲೆ ಗೊಂಬೆಗೇ ಸೈ. ಬೆಳ್ದಿರೋ ಕೂಸ್ನ ಅದ್ರೊಳಗೆ ತುರುಕಿದ್ರೆ ಸುಮ್ನಿರ್ತದಾ? ನಮ್ಮೋನ ಜೊತೆಗೇ ಕೂರ್ಸಿ."

ಬಟ್ಟೆ ನೆನೆಹಾಕಲು ಅವಳಲ್ಲಿ ಅಗಲವಾದ ಒಂದು ಅಲ್ಯೂಮಿನಿಯಂ ಬೇಸಿನ್ ಇತ್ತು. ಅದನ್ನು ಬೂದಿ ಹಾಕಿ ತಿಕ್ಕಿ, ಅರ್ಧಕ್ಕೂ ಕಡಿಮೆ ನೀರು ತುಂಬಿ, ತಳಕ್ಕೆ ಹಳೇ ಟವೆಲ್ ಹಾಸಿ ಇಬ್ಬರನ್ನೂ ಎದುರುಬದುರು ಕೂರಿಸಿದಳು. ಮಕ್ಕಳು ಒಬ್ಬರನ್ನೊಬ್ಬರು ನೋಡಿದವು. ನನ್ನ ಮಗಳ ಅಳು ನಿಂತಿತು. ಅವಳ ಮಗ ಅಂಗೈಯಿಂದ ನೀರಿಗೆ ಪಟ್ ಎಂದು ಹೊಡೆದ. ನನ್ನ ಮಗಳೂ ಹೊಡೆದಳು. ಆಮೇಲೆ ನಮ್ಮಿಬ್ಬರ ಮೈಮೇಲೆ ಒಣಗಿದ ಜಾಗವೇ ಉಳಿಯಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ಗಂಡಸರು ಕೆಲಸಕ್ಕೆ ಹೋದ ಮೇಲೆ ನಾನು ಕಡಲೆಹಿಟ್ಟು ಕಲಸಿಕೊಂಡು ಹೋಗುತ್ತಿದ್ದೆ, ಅವಳು ನೀರು ಹದ ಮಾಡಿಟ್ಟಿರುತ್ತಿದ್ದಳು. ಒಬ್ಬಳು ತಿಕ್ಕಿದರೆ ಇನ್ನೊಬ್ಬಳು ಜಾರದಂತೆ ಬೆನ್ನಿಗೆ ಕೈ ಕೊಡುವುದು. ಅವಳ ಬಾಯಿ ಮಾತ್ರ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. "ಏನ್ಲಾ ಕಳ್ಳ, ಕತ್ತಿನ ಸಂದಿಯೊಳ್ಗೆ ಮಾರ್ಕೋನಹಳ್ಳಿ ಮಣ್ಣೆಲ್ಲಾ ಇಟ್ಕೊಂಡಿದೀಯಲ್ಲೋ" ಎಂದು ಮಗನಿಗೆ, "ಏನಮ್ಮಣ್ಣಿ, ಇವತ್ತು ಮೂಗು ತೊಳ್ಸ್ಕೊಳ್ಳಲ್ವಾ?" ಎಂದು ನನ್ನ ಮಗಳಿಗೆ. ನನ್ನ ಮಗಳು ಆ ಮಾತಿಗೆಲ್ಲ ಕತ್ತು ತಿರುಗಿಸಿ ನಗುತ್ತಿದ್ದಳು. ಅವಳ ಮಗನೂ ನಗುತ್ತಿದ್ದ, ಆದರೆ ಅಮ್ಮನ ಮುಖ ಕಂಡಾಗ ಮಾತ್ರ... ಇದು ನನಗೆ ಹೊಳೆದದ್ದು ಆಮೇಲೆ.

ಒಂದು ದಿನ ಅವಳ ಮೊಣಕೈ ತಗುಲಿ ಹಂಡೆಯ ಮುಚ್ಚಳ ಕಲ್ಲಿನ ಮೇಲೆ ಬಿತ್ತು. ನಾನೇ ಬೆಚ್ಚಿ ಎದೆ ಹಿಡಿದುಕೊಂಡೆ. ನನ್ನ ಮಗಳು ಮುಖ ಕೆಂಪು ಮಾಡಿಕೊಂಡು ಕಿರುಚಿದಳು. ಮುಚ್ಚಳ ಬಿದ್ದದ್ದು ಅವಳ ಮಗನ ಬೆನ್ನ ಹಿಂದೆಯೇ. ಅವನು ನೀರಿನಲ್ಲಿ ತೇಲುತ್ತಿದ್ದ ಒಂದು ಎಲೆಯನ್ನು ಹಿಡಿಯುವುದರಲ್ಲಿ ಮುಳುಗಿದ್ದ. ನನ್ನ ಮಗಳ ಬಾಯಿ ಅಗಲವಾದದ್ದು ನೋಡಿ ಅಚ್ಚರಿಯಿಂದ ತಲೆಯೆತ್ತಿದ, ಅಷ್ಟೇ.

"ನೋಡಿ ಅಕ್ಕ, ನಮ್ಮೋನಿಗೆ ಭಯ ಅನ್ನೋದೇ ಇಲ್ಲ" ಎಂದು ಅವಳು ಹೆಮ್ಮೆಯಿಂದ ನಕ್ಕಳು. ನಾನೂ ನಕ್ಕೆ. ಆದರೆ ಒಳಗೆ ಏನೋ ಕೊರೆಯಲು ಶುರುವಾಯಿತು.

ಆಮೇಲಿನ ದಿನಗಳಲ್ಲಿ ಅವಳು ಒಲೆಯ ಕಡೆ ತಿರುಗಿದಾಗಲೆಲ್ಲ ನಾನು ಅವನ ಹಿಂದೆ ಚಿಟಿಕೆ ಹೊಡೆದೆ, ಚೊಂಬು ಕುಟ್ಟಿದೆ, ಹೆಸರು ಕೂಗಿದೆ. ಪ್ರತಿ ಸಲ ತಿರುಗಿದ್ದು ನನ್ನ ಮಗಳೇ. ನಮ್ಮ ಯಜಮಾನರಿಗೆ ಹೇಳಿದೆ. "ನಿಂಗ್ಯಾಕೆ, ಡಾಕ್ಟ್ರಾ ನೀನು? ಹೆತ್ತೋಳಿಗೆ ಇಂಥದ್ದು ಹೇಳಿದ್ರೆ ಆಮೇಲೆ ಮುಖ ನೋಡ್ತಾಳಾ?" ಎಂದರು. ಅದೂ ನಿಜವೇ. ಆದರೆ ಒಂದೇ ನೀರಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ದಿನವೂ ಅವಳ ಮುಖ ನೋಡುವುದು ನನ್ನಿಂದಾಗಲಿಲ್ಲ.

ಒಂದು ಬೆಳಗ್ಗೆ, ಅವಳು ಮಗನ ಬೆನ್ನಿಗೆ ಕಡಲೆಹಿಟ್ಟು ಹಚ್ಚುತ್ತಿದ್ದಾಗ ಹೇಳಿದೆ. "ನೋಡು, ಬೇಜಾರ್ ಮಾಡ್ಕೋಬೇಡ. ಒಂದ್ಸಲ ಅವ್ನ ಕಿವಿ ತೋರ್ಸ್ಕೊಂಡು ಬರೋಣ್ವಾ? ಶಬ್ದ ಆದ್ರೆ ತಿರುಗಲ್ಲ ಕಣೇ ಅವ್ನು."

ಅವಳ ಕೈ ನಿಂತಿತು. ನನ್ನ ಕಡೆ ನೋಡಲಿಲ್ಲ. ಬೆನ್ನಿನ ಹಿಟ್ಟನ್ನೂ ತೊಳೆಯದೆ ಮಗನನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಹಲವು ದಿನ ಅವಳ ಹಿಂಬಾಗಿಲು ನಾನಿದ್ದಾಗ ತೆರೆಯಲಿಲ್ಲ. ಬೇಸಿನ್ ಗೋಡೆಗೆ ಬೋರಲಾಗಿ ಒರಗಿತ್ತು. ಅವಳ ಅತ್ತೆ ಊರಿನಿಂದ ಬಂದಿದ್ದರು. ಒಲೆಯ ಹತ್ತಿರ ನನಗೆ ಕೇಳಲೆಂದೇ, "ಇವ್ನ ಅಪ್ಪಂಗೂ ಮಾತು ಬಂದಿದ್ದು ತಡವಾಗೇ. ಕಂಡೋರ ಮಾತು ಕೇಳ್ಕೊಂಡು ಕೂಸ್ನ ಆಸ್ಪತ್ರೆಗೆ ಅಲೆಸ್ಬೇಡ" ಎಂದರು. ನಾನು ಮಗಳನ್ನು ಮನೆಯೊಳಗಿನ ಪುಟ್ಟ ಬಚ್ಚಲಲ್ಲಿ ನೆಲದ ಮೇಲೆ ಕೂರಿಸಿ ಮಗ್ಗಿನಲ್ಲಿ ನೀರು ಹಾಕತೊಡಗಿದೆ. ಮಗಳು ಎದುರಿಗಿಲ್ಲದ ಜೊತೆಗಾರನನ್ನು ಹುಡುಕುತ್ತಾ ಬಾಗಿಲ ಕಡೆಯೇ ನೋಡುತ್ತಿದ್ದಳು.

ಅತ್ತೆ ಊರಿಗೆ ಹೋದ ದಿನ ಮಧ್ಯಾಹ್ನ, ಗೋಡೆಯಾಚೆಯಿಂದ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯುವ ಸದ್ದು ಬಂತು. ಮೊದಲು ಮೆಲ್ಲಗೆ. ಆಮೇಲೆ ಜೋರಾಗಿ. ಆಮೇಲೆ ಹುಚ್ಚು ಹಿಡಿದಂತೆ. ಅದು ಯಾಕೆಂದು ನನಗೆ ತಕ್ಷಣ ಗೊತ್ತಾಯಿತು. ಮಲಗಿದ್ದ ನನ್ನ ಮಗಳು ಗೋಡೆಯ ಈಚೆ ಎದ್ದು ಅಳತೊಡಗಿದಳು. ಅವಳನ್ನು ಎದೆಗೆ ಒತ್ತಿಕೊಂಡು ನಿಂತೆ. ಸದ್ದು ನಿಂತಿತು. ಆಚೆ ಕಡೆಯಿಂದ ಮಗುವಿನ ಅಳು ಬರಲೇ ಇಲ್ಲ.

ಹಿಂಬಾಗಿಲು ತೆರೆದು ಹೊರಗೆ ಬಂದೆ. ಅವಳು ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು, ಸೌಟು ಇನ್ನೂ ಕೈಯಲ್ಲೇ ಇತ್ತು.

"ಏಳ್ಲಿಲ್ಲ ಅಕ್ಕ" ಎಂದಳು.

ಪಕ್ಕದಲ್ಲಿ ಕೂತೆ. ಅವಳು ಸೌಟು ಕೆಳಗಿಟ್ಟು, "ನಂಗೂ ಅನುಮಾನ ಇತ್ತು. ನೀವು ಬಾಯ್ಬಿಟ್ಟು ಹೇಳಿದ್ರಲ್ಲ, ಅದಕ್ಕೇ ಸಿಟ್ಟು ಬಂತು" ಎಂದು ನನ್ನ ಭುಜಕ್ಕೆ ತಲೆ ಆನಿಸಿದಳು.

ಅತ್ತೆಗೆ ಹೇಳದೆಯೇ ಅವಳು ಮಗನನ್ನು ಡಾಕ್ಟರಿಗೆ ತೋರಿಸಿದಳು. ಅವರು ಬೆಂಗಳೂರಿಗೆ ಕಳಿಸಿದರು. ಗಂಡನಿಗೆ ರಜೆ ಸಿಗದಾಗ ನಾನೇ ಮಗಳನ್ನು ಎತ್ತಿಕೊಂಡು ಬಸ್ಸಿನಲ್ಲಿ ಜೊತೆಗೆ ಹೋದೆ. ಎರಡೂ ಕಿವಿ ಹೆಚ್ಚುಕಮ್ಮಿ ಕೇಳುವುದಿಲ್ಲ, ಮಿಷಿನ್ ಹಾಕಿ ಮಾತು ಕಲಿಸಬೇಕು, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುದಿನ ಬೆಳಗ್ಗೆ ಬೇಸಿನ್ ಮತ್ತೆ ಅಂಗಾತವಾಗಿತ್ತು.

ಕಿವಿ ಮಿಷಿನ್ ಬಂತು. ಅವನು ಕಿತ್ತು ಬಿಸಾಡುತ್ತಿದ್ದ, ಅವಳು ಮತ್ತೆ ಹಾಕುತ್ತಿದ್ದಳು. ವಾರಗಟ್ಟಲೆ ಇದೇ ಜಗಳ. ಕೊನೆಗೊಂದು ದಿನ, ಕುಕ್ಕರ್ ಕೂಗಿದಾಗ ಅವನು ಆಡುತ್ತಿದ್ದ ಡಬ್ಬ ಬಿಟ್ಟು ಅಡಿಗೆಮನೆಯ ಕಡೆ ತಿರುಗಿದನಂತೆ. ಅವಳು ಓಡಿ ಬಂದು ನನ್ನನ್ನು ಎಳೆದುಕೊಂಡು ಹೋದಳು. ಬರೀ ನೀರು ಹಾಕಿದ ಕುಕ್ಕರನ್ನು ಮತ್ತೆ ಒಲೆಗಿಟ್ಟು ನಾವಿಬ್ಬರೂ ಅವನನ್ನೇ ನೋಡುತ್ತಾ ಕೂತೆವು. ಕೂಗಿತು. ತಿರುಗಿದ. ಅವತ್ತು ಎಷ್ಟು ಗ್ಯಾಸ್ ಸುಟ್ಟೆವೋ ದೇವರಿಗೇ ಗೊತ್ತು. ಸಂಜೆ ಗಂಡ ಬಂದಾಗ ಅವರ ಮನೆಯಲ್ಲಿ ಅನ್ನವೇ ಆಗಿರಲಿಲ್ಲ.

ಸ್ನಾನಕ್ಕೆ ಮಾತ್ರ ಮಿಷಿನ್ ತೆಗೆದಿಡಬೇಕಿತ್ತು. ಆ ಹೊತ್ತು ಅವನಿಗೆ ಮತ್ತೆ ಏನೂ ಕೇಳುತ್ತಿರಲಿಲ್ಲ. ಆದರೂ ಅವಳು ಅವನ ಮುಖದ ಮಟ್ಟಕ್ಕೆ ಬಗ್ಗಿ, ನೀರು ಎನ್ನುವಾಗ ನೀರು ತೋರಿಸಿ, ಕಾಲು ಎನ್ನುವಾಗ ಕಾಲು ಮುಟ್ಟಿ ಮಾತಾಡುತ್ತಲೇ ಇರುತ್ತಿದ್ದಳು. "ಈಗ ಕೇಳಲ್ವಲ್ಲೇ ಅವ್ನಿಗೆ, ಸ್ವಲ್ಪ ಸುಧಾರಿಸ್ಕೋ" ಎಂದೆ ಒಮ್ಮೆ. "ಕಾಣ್ತದಲ್ಲ ಅಕ್ಕ" ಎಂದಳು. ಅವನ ಕಣ್ಣು ಅವಳ ತುಟಿ ಬಿಟ್ಟು ಕದಲುತ್ತಿರಲಿಲ್ಲ.

ಇಬ್ಬರೂ ಒಟ್ಟಿಗೆ ಆ ಬೇಸಿನ್‌ನಲ್ಲಿ ಹಿಡಿಸದಷ್ಟು ಬೆಳೆದ ಹೊತ್ತಿಗೆ ಅವಳು ಊರು ಬಿಡಬೇಕಾಯಿತು. ಮೈಸೂರಿನಲ್ಲಿ ಮಕ್ಕಳ ಜೊತೆ ತಾಯಂದಿರನ್ನೂ ಕೂರಿಸಿಕೊಂಡು ಮಾತು ಕಲಿಸುತ್ತಾರೆಂದು ಯಾರೋ ಹೇಳಿದ್ದರು. ಗಂಡ ಇಲ್ಲೇ ಇದ್ದು, ಆಮೇಲೆ ಅಲ್ಲೊಂದು ಕೆಲಸ ನೋಡಿಕೊಳ್ಳುವುದೆಂದಾಯಿತು. ಹೊಲಿಗೆ ಮಿಷಿನ್ನನ್ನೂ ಬೇಸಿನ್ನನ್ನೂ ಹೇರಿಕೊಂಡು ಅವಳೂ ಮಗನೂ ಟೆಂಪೋದಲ್ಲಿ ಹೋದರು. ಬೇರೇನೂ ಸಾಮಾನಿರಲಿಲ್ಲ. ನನ್ನ ಮಗಳು ತಿಂಗಳುಗಟ್ಟಲೆ ಹಿಂಬಾಗಿಲಲ್ಲಿ ನಿಂತು ಅವನನ್ನು ಕೂಗುತ್ತಿದ್ದಳು.

ಮೊದಮೊದಲು ಭಾನುವಾರ ಫೋನ್ ಬರುತ್ತಿತ್ತು. "ದೊಡ್ಡಮ್ಮ ಅನ್ನು, ದೊಡ್ಡಮ್ಮ" ಎಂದು ಅವಳು ಹೇಳಿಕೊಡುವುದು, ಆಮೇಲೆ ಒಂದು ಪುಟ್ಟ ಗಂಟಲು "ದೊ... ಮಾ" ಎನ್ನುವುದು. ನಾನು ಈ ಕಡೆ ಕಣ್ಣೊರೆಸಿಕೊಳ್ಳುತ್ತಿದ್ದೆ. ಆಮೇಲೆ ಹಬ್ಬಕ್ಕೊಂದು ಫೋನ್ ಆಯಿತು. ನಾನು ಮತ್ತೆ ಶಾಲೆಗೆ ಸೇರಿದೆ, ನಾವು ಬೇರೆ ಕಡೆ ಮನೆ ಕಟ್ಟಿಕೊಂಡೆವು, ಅವಳ ನಂಬರ್ ಬದಲಾಯಿತು, ನಮ್ಮದೂ ಬದಲಾಯಿತು. ಜಗಳವಿಲ್ಲ, ಮುನಿಸಿಲ್ಲ, ಸುಮ್ಮನೆ ಕೈಬಿಟ್ಟುಹೋಯಿತು...

ಕಳೆದ ವರ್ಷ ಒಂದು ಭಾನುವಾರ ಬೆಳಗ್ಗೆ ಗೇಟಿನಲ್ಲಿ ಎತ್ತರದ ಹುಡುಗನೊಬ್ಬ ನಿಂತಿದ್ದ. ಎರಡೂ ಕಿವಿಗಳ ಹಿಂದೆ ಮಿಷಿನ್. ನಾನು ಗೇಟು ತೆಗೆಯುವುದನ್ನೂ ಮರೆತು ನಿಂತುಬಿಟ್ಟೆ. ಸತ್ಯಮಂಗಲದ ಒಂದು ಫ್ಯಾಕ್ಟರಿಯಲ್ಲಿ ಡ್ರಾಯಿಂಗ್ ಮಾಡುವ ಕೆಲಸ ಸಿಕ್ಕಿದೆ, ಹಳೇ ವಠಾರದಲ್ಲಿ ವಿಚಾರಿಸಿಕೊಂಡು ಬಂದೆ ಎಂದ. ಮಾತು ಕೊಂಚ ದಪ್ಪ, ಅಕ್ಷರಗಳ ಅಂಚು ಸವೆದ ಹಾಗೆ. ಆದರೆ ಒಂದೊಂದೂ ತಿಳಿಯುತ್ತಿತ್ತು. ಸೋಫಾ ಬಿಟ್ಟು, ನನ್ನ ಮುಖ ಬೆಳಕಿಗೆ ಬರುವ ಹಾಗೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ.

"ಅಮ್ಮ ಹೇಗಿದಾಳೋ?" ಎಂದೆ.

"ಇಲ್ಲ ದೊಡ್ಡಮ್ಮ. ಕಿಡ್ನಿ ಹೋಗಿತ್ತು. ಎರಡು ವರ್ಷ ಆಯ್ತು" ಎಂದ.

ಕಾಫಿ ಮಾಡುತ್ತೇನೆಂದು ಎದ್ದು ಹೋಗಿ ಅಡಿಗೆಮನೆಯ ಗೋಡೆ ಹಿಡಿದು ನಿಂತೆ. ಮತ್ತೆ ಬಂದು ಕೂತಾಗ ಅವನು ಲೋಟ ಪಕ್ಕಕ್ಕಿಟ್ಟು, ಬಂದ ಕೆಲಸವೇ ಅದು ಎನ್ನುವಂತೆ ಕೇಳಿದ.

"ದೊಡ್ಡಮ್ಮ, ನಾನು ಅಮ್ಮನ ಮಾತು ಕೇಳಿದ್ದೆಲ್ಲ ಮಿಷಿನ್ನಲ್ಲೇ. ಬೇರೆಯವ್ರಿಗೆ ಅದು ಹೆಂಗೆ ಕೇಳಿಸ್ತಿತ್ತು ಅಂತ ನಂಗೆ ಗೊತ್ತಿಲ್ಲ. ಅಮ್ಮನ ದನಿ ಹೆಂಗಿತ್ತು?"

ನಾನು ಅವನ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದೆ. "ಸ್ವಲ್ಪ ಒಡಕು ದನಿ ಕಣೋ. ಬೆಳಗ್ಗೆ ಇನ್ನೂ ಒಡಕು. ನಿನ್ನ ಹತ್ರ ಮಾತಾಡೋವಾಗ ಮೆತ್ತಗಾಗ್ತಿತ್ತು. ನಗೋವಾಗ ಕೊನೇಲಿ ಉಸಿರು ಸಿಕ್ಕಾಕ್ಕೊಂಡು ಒಂಥರಾ ಕೀರಲು ಬರ್ತಿತ್ತು, ಅದಕ್ಕೆ ಅವಳೇ ಮತ್ತೆ ನಗ್ತಿದ್ಳು."

ಅವನು ಕಣ್ಣು ಕದಲಿಸದೆ ನನ್ನ ತುಟಿಗಳನ್ನೇ ನೋಡುತ್ತಿದ್ದ. ಆಮೇಲೆ, "ಇನ್ನೊಂದ್ಸಲ ಹೇಳಿ" ಎಂದ. ಹೇಳಿದೆ.

ಅವನು ಈಗಲೂ ಬಿಡುವಾದಾಗ ಬರುತ್ತಾನೆ. ನನ್ನ ಮಗಳು ರಜೆಗೆ ಬಂದಾಗ ಇಬ್ಬರೂ ತಾಸುಗಟ್ಟಲೆ ಹರಟುತ್ತಾರೆ. ಅವನು ಕೇಳಿದಾಗಲೆಲ್ಲ ನಾನು ಅದನ್ನೇ ಹೇಳುತ್ತೇನೆ, ಅದರಲ್ಲಿ ಒಂದೂ ಸುಳ್ಳಲ್ಲ. ಆದರೆ ಅವನು ಹೋದ ಮೇಲೆ ಒಬ್ಬಳೇ ಕೂತು ಆ ದನಿಯನ್ನು ಕೇಳಿಸಿಕೊಳ್ಳಲು ನೋಡುತ್ತೇನೆ. ಒಡಕು ಎನ್ನುವ ಮಾತು ನೆನಪಾಗುತ್ತದೆ, ಕೀರಲು ಎನ್ನುವ ಮಾತು ನೆನಪಾಗುತ್ತದೆ. ಅವಳ ತುಟಿ ಆಡುವುದೂ ಕಾಣುತ್ತದೆ. ದನಿ ಮಾತ್ರ ಬರುವುದಿಲ್ಲ...