ವಾರಕ್ಕೆ ಹಾಳಾಗುವ ಮಾಂಬಳ

ಹಿರಿಯಡ್ಕದಲ್ಲಿ ನನ್ನ ಅಂಗಡಿಯ ಎದುರು ಮನೆ ಸುಗಂಧಿಯಕ್ಕನದು. ಉಚ್ಚಿಲದಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಇನ್ನೂರು ಮಕ್ಕಳ ಗಲಾಟೆಯಲ್ಲಿ ಕಿವಿಯೇ ಹೋಯಿತು ಎಂದು ದೂರುತ್ತಿದ್ದವರು, ವಯಸ್ಸಾಯಿತೆಂದು ಬಿಡಿಸಿದ ಮೇಲೆ ಟೀವಿಯನ್ನು ರಸ್ತೆಗೆಲ್ಲ ಕೇಳುವಷ್ಟು ಜೋರಾಗಿ ಇಡತೊಡಗಿದರು. ನೋಡುವುದಿಲ್ಲ, ಹಾಕಿಡುವುದು ಅಷ್ಟೆ. ಒಬ್ಬರಿಗೆ ಎಷ್ಟು ಅಕ್ಕಿ ಎಂಬ ಅಂದಾಜು ಆ ಕೈಗೆ ಕೊನೆಗೂ ಹತ್ತಲಿಲ್ಲ. ಉಳಿದ ಗಂಜಿ ಕಾಗೆಗಳಿಗೆ. ನಮ್ಮ ಬೀದಿಯ ಕಾಗೆಗಳು ಹಾರಲು ಸೋಮಾರಿಯಾದದ್ದು ಹಾಗೆ.

ಕಳೆದ ಮೇ ತಿಂಗಳಿನಲ್ಲಿ ಒಂದು ಕಾರು ಬಂದು ನಿಂತಿತು. ಇಳಿದವಳು ಮಣಿಪಾಲದ ಕ್ಯಾರಲ್, ಜೊತೆಗೆ ಮಗಳು ರೇಚಲ್. ಕ್ಯಾರಲ್ ನನ್ನ ಅಂಗಡಿಯ ಅಷ್ಟೂ ಬಿಸ್ಕತ್ತಿನ ಪ್ಯಾಕೆಟುಗಳ ಹಿಂಬದಿ ಓದಿ, ಒಂದೊಂದಾಗಿ ವಾಪಸ್ ಇಟ್ಟಳು.

"ಪರೀಕ್ಷೆಗೆ ಓದ್ತಿದ್ದೀರಾ?" ಎಂದೆ.

"ಮಗುವಿಗೆ ಗೋಧಿ ಆಗುವುದಿಲ್ಲ. ಗ್ಲುಟನ್ ಫ್ರೀ ಎಂತ ಉಂಟು?"

ಅಣ್ಣನಿಗೆ ತಮ್ಮ ಆಗದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಗೋಧಿ ಆಗದವರನ್ನು ನಾನು ಕಂಡದ್ದು ಅಂದೇ. ಬೆಲ್ಲಕ್ಕೆ ಬಂದಿದ್ದ ಸುಗಂಧಿಯಕ್ಕ ಮಗುವಿನ ಮುಖ ನೋಡಿದರು, ರಸ್ತೆ ದಾಟಿದರು, ಮಾಂಬಳದ ತುಂಡು ಹಿಡಿದು ಬಂದರು. ಮಾವಿನ ಹಣ್ಣಿನ ರಸವನ್ನು ಪದರದ ಮೇಲೆ ಪದರ ಹರಡಿ ಬಿಸಿಲಿಗೆ ಒಣಗಿಸಿದ್ದು, ಬೇರೇನೂ ಇಲ್ಲ. ರೇಚಲ್ ತಿಂದಳು. ಬೆರಳನ್ನೂ ಬಿಡಲಿಲ್ಲ.

"ಒಂದಷ್ಟು ಹೆಚ್ಚು ಸಿಗಬಹುದಾ ಆಂಟಿ? ತಿಂಗಳಿಗಾಗುವಷ್ಟು?"

"ಅಯ್ಯೋ, ವಾರಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಶನಿವಾರ ಬನ್ನಿ, ಹೊಸದು ಕೊಡ್ತೇನೆ."

ನನಗೆ ಕೆಮ್ಮು ಬಂತು. ಮಾಂಬಳ ವರ್ಷಗಟ್ಟಲೆ ನಿಲ್ಲುತ್ತದೆ, ಊರಿನ ಇಲಿಗಳಿಗೂ ಗೊತ್ತು. ಕ್ಯಾರಲ್ ಹುಟ್ಟಿ ಬೆಳೆದದ್ದು ದುಬೈಯಲ್ಲಿ, ಗಂಡ ಲಿಯೋನೆಲ್ ಈಗಲೂ ಅಲ್ಲೇ ಕೆಲಸದಲ್ಲಿ. ಅವಳಿಗೆ ಗೊತ್ತಿಲ್ಲ. ಬೇರೆಯವರ ಸರಕಿನ ಬಗ್ಗೆ ಬಾಯಿ ಹಾಕುವುದು ವ್ಯಾಪಾರದವನ ಲಕ್ಷಣವಲ್ಲ.

ಅಲ್ಲಿಂದ ಪ್ರತಿ ಶನಿವಾರ ಕಾರು ಬಂತು. ಶನಿವಾರ ಮಾತ್ರ ಆ ಮನೆಯ ಟೀವಿ ಬಂದ್. ಹಲಸಿನ ಹಣ್ಣಿನ ಗಟ್ಟಿಯೋ, ಬಾಳೆಹಣ್ಣಿನ ಹಲ್ವವೋ, ಒಂದಲ್ಲ ಒಂದು ಬಿಸಿಬಿಸಿ ತಯಾರು. ಅಜ್ಜಿ ಮೊಮ್ಮಗಳ ಹಾಗೆ ಇಬ್ಬರೂ ಜಗಲಿಯಲ್ಲಿ ಕೂತು ನಗುವುದು ನನ್ನ ತಕ್ಕಡಿಯವರೆಗೆ ಕೇಳುತ್ತಿತ್ತು. ಹೊರಡುವಾಗ ವಾರದ ಲೆಕ್ಕದ ಮಾಂಬಳ. ರಾತ್ರಿ ಚಪಾತಿ ತಿನ್ನುತ್ತಿದ್ದ ಸುಗಂಧಿಯಕ್ಕ ಗೋಧಿ ಹಿಟ್ಟು ಕೊಳ್ಳುವುದನ್ನೂ ಬಿಟ್ಟರು. ಗಾಳಿಯಲ್ಲಿ ಹಾರಿ ಮಗುವಿನ ತಿಂಡಿಗೆ ಬಿದ್ದರೆ ಎಂಬ ಹೆದರಿಕೆ.

ಆಟಿ ತಿಂಗಳ ಮಳೆಯಲ್ಲಿ ಸೂರ್ಯನೇ ಕಾಣೆ. ಆಗಲೂ 'ಈ ವಾರದ ಹೊಸ ಮಾಂಬಳ' ನಿಲ್ಲಲಿಲ್ಲ.

"ಯಾವ ಬಿಸಿಲಿಗೆ ಒಣಗಿಸಿದ್ದು ಸುಗಂಧಿಯಕ್ಕ?" ಎಂದು ಕೇಳಿಯೇಬಿಟ್ಟೆ.

"ನೀವು ಹೋದ ವರ್ಷದ ಬೇಳೆಯನ್ನು ಹೊಸ ಸ್ಟಾಕ್ ಅಂತ ಕೊಡ್ತೀರಲ್ಲ ವಿಠಲಣ್ಣ, ಅದೇ ಬಿಸಿಲಿಗೆ."

ಬೇಳೆಯ ಡಬ್ಬವನ್ನು ಮೆಲ್ಲ ಹಿಂದಕ್ಕೆ ಸರಿಸಿದೆ.

ದೀಪಾವಳಿ ಕಳೆದ ಶನಿವಾರ ಸುಗಂಧಿಯಕ್ಕ ಬೆಲ್ಲ ತೂಗಿಸುತ್ತಿದ್ದಾಗಲೇ ಕಾರು ಬಂತು. ಕ್ಯಾರಲ್ ಕಾರಿನ ಬಾಗಿಲು ಹಿಡಿದೇ ಹೇಳಿದಳು, "ಆಂಟಿ, ನಾವು ದುಬೈಗೆ ಹೋಗ್ತಿದ್ದೇವೆ. ಲಿಯೋನೆಲ್ ಫ್ಯಾಮಿಲಿ ವೀಸಾ ಮಾಡಿಸಿದ್ದಾರೆ. ನಾಡಿದ್ದೇ ಟಿಕೆಟ್."

ಸುಗಂಧಿಯಕ್ಕ ಬೆಲ್ಲದ ಅಚ್ಚನ್ನು ತಿರುಗಿಸಿ ನೋಡಿದರು, ಅದರಲ್ಲಿ ಏನೋ ಬರೆದಿದ್ದ ಹಾಗೆ. "ಒಳ್ಳೆಯದಾಯ್ತು. ಮಗುವಿಗೆ ಅಪ್ಪ ಸಿಗ್ತಾನಲ್ಲ."

"ಇವಳ ತಿಂಡಿಯದ್ದೇ ಚಿಂತೆ. ನಿಮ್ಮ ಮಾಂಬಳವಾದರೆ ವಾರಕ್ಕೆ ಹಾಳು, ಅಲ್ವಾ?"

ಸುಗಂಧಿಯಕ್ಕ ನನ್ನತ್ತ ನೋಡಿದರು. ಹೌದೆಂದರೆ ಮಾನ ಉಳಿಯುತ್ತದೆ, ಮಗುವಿನ ಕೈ ಖಾಲಿ. ನಾನು ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ.

"ಶಾಲೆಯಲ್ಲಿ ಎಂತ ತಿಂತಿ ಮಗಾ?" ಎಂದು ಸುಗಂಧಿಯಕ್ಕ ಮಗುವನ್ನು ಕೇಳಿದರು.

"ಬರ್ತ್‌ಡೇ ದಿನ ಎಲ್ಲರೂ ಕೇಕ್ ತಿಂತಾರೆ," ಎಂದಳು ರೇಚಲ್. "ನಾನು ನೋಡ್ತೇನೆ."

ಸುಗಂಧಿಯಕ್ಕ ರಸ್ತೆ ದಾಟಿ ಹೋದರು. ಎರಡು ಕೈಯಲ್ಲಿ ತಬ್ಬಿ ತಂದದ್ದು ದೊಡ್ಡ ಸ್ಟೀಲಿನ ಡಬ್ಬ. ಮುಚ್ಚಳ ತೆಗೆದಾಗ ನನ್ನ ಅಂಗಡಿಯ ಒಣಮೀನಿನ ವಾಸನೆಯನ್ನೂ ಮಾವು ಮುಚ್ಚಿಬಿಟ್ಟಿತು.

"ಇದು ಮೇ ತಿಂಗಳದ್ದು. ಬರುವ ಮೇ ವರೆಗೂ ನಿಲ್ತದೆ. ನಾನು ಹೇಳಿದ್ದು ಸುಳ್ಳು."

ಕ್ಯಾರಲ್ ಡಬ್ಬ ನೋಡಿದಳು. "ಮತ್ತೆ ನಾವು ವಾರ ವಾರ ಅಷ್ಟು ದೂರದಿಂದ..."

"ಹೌದು. ನಿಮ್ಮ ಪೆಟ್ರೋಲ್ ದಂಡ."

ಕ್ಯಾರಲಿಗೆ ಸಿಟ್ಟು ಬಂದಿರಬೇಕು, ಬಂದದ್ದು ಅರ್ಧ ದಾರಿಯಲ್ಲೇ ನಿಂತಿರಲೂಬೇಕು. ಡಬ್ಬವನ್ನು ಎತ್ತಿ ಹಿಂದಿನ ಸೀಟಿನಲ್ಲಿಟ್ಟಳು. "ರಜೆಗೆ ಬರ್ತೇವೆ ಆಂಟಿ," ಎಂದಳು. ಗಲ್ಫಿಗೆ ಹೋಗುವವರೆಲ್ಲ ಹೇಳುವ ಮಾತು. ರೇಚಲ್ ಕಿಟಕಿಯಿಂದ ಕೈಬೀಸಿದಳು. ಬಾಯಿ ತುಂಬ ಮಾಂಬಳ ಇದ್ದುದರಿಂದ ಏನೆಂದಳೋ ತಿಳಿಯಲಿಲ್ಲ.

ಮುಂದಿನ ಶನಿವಾರ ಎದುರು ಮನೆಯ ಟೀವಿ ಬೆಳಿಗ್ಗೆಯಿಂದಲೇ ಕೂಗುತ್ತಿತ್ತು. ಸಂಜೆ ಸುಗಂಧಿಯಕ್ಕ ಬಂದರು.

"ಒಂದು ಕಿಲೋ ಗೋಧಿ ಹಿಟ್ಟು ಕೊಡಿ ವಿಠಲಣ್ಣ. ಗಂಜಿ ಕುಡಿದು ಸಾಕಾಯ್ತು."

ಕೊಟ್ಟೆ. ಮೆಟ್ಟಿಲವರೆಗೆ ಹೋದವರು ತಿರುಗಿ ಬಂದು ಪ್ಯಾಕೆಟನ್ನು ಮೇಜಿನ ಮೇಲಿಟ್ಟರು.

"ಬೇಡ. ಅಕ್ಕಿಯೇ ಕೊಡಿ. ರಜೆಗೆ ಬಂದುಬಿಟ್ಟರೆ?"

"ರಜೆಗೆ ಇನ್ನೂ ಎಷ್ಟೋ ತಿಂಗಳುಂಟು ಮಾರಾಯ್ರೆ. ಅಷ್ಟರಲ್ಲಿ ತಿಂದು ಮುಗಿಸಿ, ಮನೆ ತೊಳೆಯಬಹುದು."

"ಹಿಟ್ಟು ಅಲ್ವಾ," ಎಂದರು ಅವರು, "ಮೂಲೆಯಲ್ಲಿ ಎಲ್ಲಿಯಾದರೂ ಉಳಿದುಬಿಡ್ತದೆ."

ಅಕ್ಕಿ ಅಳೆದುಕೊಟ್ಟೆ. ಎಂದಿನಂತೆ ಒಬ್ಬರಿಗೆ ಜಾಸ್ತಿಯೇ.