ಇಬ್ಬರು ಬರುವ ಪಕ್ಷ

೧೯೭೯ರ ಒಂದು ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಹಂಪನಕಟ್ಟೆಯ ಲಾಡ್ಜೊಂದರ ಮಹಡಿಯಲ್ಲಿದ್ದ ನಮ್ಮ ಪಕ್ಷದ ಕೋಣೆ. ವಾರ್ಡಿನ ಹತ್ತು ಹನ್ನೆರಡು ಕಾರ್ಯಕರ್ತರು ಹಾಜರಿದ್ದರು. ನನ್ನ ಪಕ್ಕದಲ್ಲಿ ಎಂದಿನಂತೆ ನನ್ನ ಗೆಳೆಯ. ಬೈಕಂಪಾಡಿಯಲ್ಲಿ ಅವನದೊಂದು ಸಣ್ಣ ವರ್ಕ್‌ಶಾಪು.

ನಮ್ಮ ನಾಯಕರು ಮುನಿಸಿಕೊಂಡು ಪಕ್ಷ ಬಿಟ್ಟಿದ್ದರು. ಹಳೆಯ ಹೆಸರು ಎದುರಿನ ಬಣಕ್ಕೆ ಉಳಿಯಿತು. ಇವರು ಅದೇ ಹೆಸರಿನ ಕೊನೆಗೆ ಬ್ರಾಕೆಟಿನಲ್ಲಿ ಒಂದು ಅಕ್ಷರ ಸೇರಿಸಿ ಹೊಸ ಪಕ್ಷ ಕಟ್ಟಿದರು. ನಾವು ಯಾರ ಕಡೆ ಎಂದು ಅಂದೇ ತೀರ್ಮಾನವಾಗಬೇಕಿತ್ತು.

“ಬ್ರಾಕೆಟಿನೊಳಗೆ ಕೂತ್ಕೊಳ್ಳಲಿಕ್ಕೆ ನಾನೆಂತ ಲೆಕ್ಕದ ಪುಸ್ತಕವಾ ಮಾರಾಯ?” ಎಂದ ಗೆಳೆಯ. ಎಲ್ಲರೂ ನಕ್ಕರು.

“ಜನ ಅದೇ, ಕೆಲಸ ಅದೇ. ಬೋರ್ಡು ಮಾತ್ರ ಬೇರೆ,” ಎಂದೆ ನಾನು.

“ಹಾಗಾದ್ರೆ ಹಳೇ ಬೋರ್ಡಿನ ಅಡಿಯಲ್ಲೇ ಕೂತ್ಕೊಳ್ಳುವ. ನೀನು ಬರ್ತೀಯಾ?”

ನಾಯಕರ ಮೇಲೆ ನನಗೆ ನಂಬಿಕೆಯಿತ್ತು. ಕೈ ಎತ್ತುವ ಹೊತ್ತಿಗೆ ನನ್ನ ಕೈ ಮೇಲೆ ಹೋಯಿತು; ಅವನದು ತೊಡೆಯ ಮೇಲೆಯೇ ಇತ್ತು. ಜಗಳವಾಗಲಿಲ್ಲ. ಚಹಾ ಪೂರ್ತಿ ಕುಡಿದು, “ಬರ್ತೇನೆ” ಎಂದು ಮೆಟ್ಟಿಲಿಳಿದ.

ಊಟದ ನಂತರ ಕಾವೂರಿನಲ್ಲಿ ಮನೆಮನೆಗೆ ಹೋಗುವ ಸರದಿ, ಯಾವಾಗಲೂ ನಾವಿಬ್ಬರೇ ಹೋಗುತ್ತಿದ್ದದ್ದು. ಕಾರ್ಯಕ್ರಮ ತಪ್ಪಿಸುವ ಅಭ್ಯಾಸ ನನಗಿಲ್ಲ. ಈ ಸಲ ಒಬ್ಬನೇ ಬಸ್ಸು ಹತ್ತಿದೆ. ಕೆರೆಯ ಬದಿಯ ಮೊದಲ ಮನೆಯ ಅಜ್ಜಿಗೆ ಹೊಸ ಹೆಸರನ್ನು ಎರಡು ಸಲ ಬಿಡಿಸಿ ಹೇಳಿದೆ. ಅವರು ನನ್ನ ಬೆನ್ನ ಹಿಂದಿನ ದಾರಿಯನ್ನೇ ನೋಡುತ್ತಿದ್ದರು.

“ಅದೆಲ್ಲ ನನಗೆ ನೆನಪು ನಿಲ್ಲುವುದಿಲ್ಲ ಮಗಾ. ಇಬ್ಬರು ಬರುವ ಪಕ್ಷ ಅಂತ ನಾವು ಹೇಳುವುದು. ಇನ್ನೊಬ್ಬ ಎಲ್ಲಿ?”

“ಅವನು ಇನ್ನು ಬೇರೆ ಪಕ್ಷ.”

“ಹಾಗಾದ್ರೆ ನೀನು ಯಾವುದು?”

ಹೊಸ ಹೆಸರನ್ನು ಮೂರನೆಯ ಸಲ ಬಿಡಿಸಿ ಹೇಳಿದೆ.

ಆ ಹೆಸರೂ ಬಹಳ ಕಾಲ ಬಾಳಲಿಲ್ಲ. ಎಂಬತ್ತರ ದಶಕದಲ್ಲಿ ಮತ್ತೆರಡು ಸಲ ಬದಲಾಯಿತು. ಪ್ರತಿ ಸಲವೂ ಕಾವೂರಿಗೆ ಹೋಗಿ ಹೇಳಿ ಬಂದೆ. ಗೆಳೆಯ ಹಂಪನಕಟ್ಟೆಯಲ್ಲಿ ಎದುರಾದರೆ ಮನೆಯವರನ್ನು ವಿಚಾರಿಸುತ್ತಿದ್ದ, ಅಷ್ಟೆ. ನಾನು ಸೇರಿದ ಪಕ್ಷಗಳಲ್ಲಿ ಮರಳಿ ಸೇರಬೇಕೆನಿಸುವುದು ಅಜ್ಜಿ ಹೆಸರಿಟ್ಟ ಆ ಒಂದಕ್ಕೆ.

ಆ ಭಾನುವಾರ ಕತ್ತಲಾಗುವ ಮೊದಲು ಉಳಿದ ಮನೆಗಳನ್ನೂ ಮುಗಿಸಿದೆ. ಮಾತಾಡುವುದು ನನ್ನ ಕೆಲಸ, ದನ ನುಗ್ಗದಂತೆ ಗೇಟು ಹಾಕಿಕೊಂಡು ಹಿಂದೆ ಬರುವುದು ಗೆಳೆಯನದು ಎಂದು ನಮ್ಮಲ್ಲಿ ರೂಢಿಯಾಗಿತ್ತು. ಕೊನೆಯ ಮನೆಯಿಂದ ರಸ್ತೆಯವರೆಗೆ ಬಂದವನು, ನೆನಪಾಗಿ ತಿರುಗಿ ಹೋಗಿ ಗೇಟಿನ ಚಿಲಕ ಹಾಕಿದೆ.