ಅಮ್ಮಾಜಿಯ ಮನೆಯಲ್ಲಿ ನನ್ನ ಚಾಕುಗಳು

ಚಾಕು ಕೂಡಿಸುವ ಚಟ ನನಗೆ ಅಂಟಿಕೊಂಡಿದ್ದು ದನದ ಡಾಕ್ಟರಾದ ಮೇಲೆ. ಕುರಿಗಳ ಗೊರಸು ಕೊರೆಯುವುದನ್ನು ನನಗೆ ತೋರಿಸಿಕೊಟ್ಟ ಮುದುಕನೊಬ್ಬ, ಕಣ್ಣು ಮಂಜಾಗಿ ಕೆಲಸ ಬಿಡುವಾಗ ತನ್ನ ತುದಿ ಬಾಗಿದ ಚಾಕುವನ್ನು ನನ್ನ ಕೈಗೆ ಹಾಕಿದ. ಅದರ ಹಿಡಿಕೆಯ ಮೇಲೆ ಅವನ ಹೆಬ್ಬೆರಳು ಕೂತ ಜಾಗ ತಗ್ಗಾಗಿತ್ತು. ಆ ತಗ್ಗಿನಲ್ಲಿ ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಅವತ್ತಿನಿಂದ ಯಾರ ಕೈಯಲ್ಲಿ ಹಳೆಯ ಚಾಕು ಕಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ನಮ್ಮ ಮನೆ ಭಾಲ್ಕಿಯಲ್ಲಿ. ಒಳಗೆ ಮರಾಠಿ, ಹೊರಗೆ ಕನ್ನಡ, ಕಚೇರಿಗೆ ಉರ್ದು ಎಂದು ಮೂರು ನಾಲಿಗೆ ಇಟ್ಟುಕೊಂಡ ಮನೆತನ. ಚಾಕುಗಳ ಪೆಟ್ಟಿಗೆಯನ್ನು ಅವ್ವ ಹೊಸ್ತಿಲು ದಾಟಲು ಬಿಡಲಿಲ್ಲ. "ಚಾಕು ಚಾಕು ಕೂಡಿದ ಮನ್ಯಾಗ ಮಂದಿ ಮಂದಿ ಕೂಡಂಗಿಲ್ಲೋ. ಒಯ್ದು ಬಿಡು" ಅಂದಳು. ಹೀಗಾಗಿ ಪೆಟ್ಟಿಗೆ ನನ್ನ ಜೊತೆ ಬೀದರಿಗೆ, ಚಿದ್ರಿಯ ಬಾಡಿಗೆ ಮನೆಗೆ ಬಂತು.

ಪೊಲೀಸ್ ಕಾರ್ಯಾಚರಣೆ ಮುಗಿದು ಇನ್ನೂ ಬಹಳ ಕಾಲ ಆಗಿರಲಿಲ್ಲ. ನಿಜಾಮರ ಸರಕಾರ ಹೋಗಿ ಹೊಸ ಸರಕಾರ ಬಂದಿತ್ತು, ಆದರೆ ಹೈದರಾಬಾದ್ ಸಂಸ್ಥಾನ ಅನ್ನುವ ಹೆಸರು ಹಾಗೇ ಇತ್ತು, ನಮ್ಮ ದವಾಖಾನೆಯ ಫಲಕವೂ ಹಾಗೇ ಇತ್ತು. ಮನೆಯೊಡತಿ ಒಬ್ಬ ಮುಸಲ್ಮಾನ ವಿಧವೆ. ಎಲ್ಲರೂ ಅಮ್ಮಾಜಿ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಗಂಡ ಕಚೇರಿಯಲ್ಲಿ ಗುಮಾಸ್ತರಾಗಿದ್ದು ಮೊದಲೇ ತೀರಿಕೊಂಡಿದ್ದರು. ಮಗಳನ್ನು ಹೈದರಾಬಾದಿಗೆ ಕೊಟ್ಟಿದ್ದರು. ಗಲಾಟೆಯ ದಿನಗಳಲ್ಲಿ ಆಜೂಬಾಜೂದ ನೆಂಟರೆಲ್ಲ ಊರು ಬಿಟ್ಟಿದ್ದರು. ಮನೆಯಲ್ಲಿ ಒಬ್ಬ ಸರಕಾರಿ ಮನುಷ್ಯ ಇದ್ದರೆ ಧೈರ್ಯ ಎಂದು ಮುಂದಿನ ಕೋಣೆಯನ್ನು ನನಗೆ ಕೊಟ್ಟಿದ್ದರು. ಅವರ ಭಾಗಕ್ಕೂ ನನ್ನ ಕೋಣೆಗೂ ನಡುವೆ ಒಂದು ಬಾಗಿಲು. ಬೆಳಿಗ್ಗೆ ಆ ಬಾಗಿಲು ಸರಿಸಿ ಚಹಾದ ಬಟ್ಟಲು ಇಟ್ಟು, "ಬೇಟಾ, ಚಹಾ ಆರ್ತದ ನೋಡು" ಎಂದು ಕರೆಯುತ್ತಿದ್ದರು.

ನಾನು ಬೀದರ, ಭಾಲ್ಕಿ, ಔರಾದ ಎಂದು ತಿರುಗುವವನು. ಬಸ್ಸು ಹೋಗುವ ತನಕ ಬಸ್ಸು, ಅಲ್ಲಿಂದ ಸೈಕಲ್ಲು. ಹೋದಲ್ಲೆಲ್ಲ ದನ ನೋಡಿ, ಕೈ ತೊಳೆದು, ಆಮೇಲೆ ಮೆಲ್ಲಗೆ ಕೇಳುತ್ತಿದ್ದೆ: "ಹಳೀ ಚಾಕು ಏನರೆ ಅದ ಏನ್ರಿ ಮನ್ಯಾಗ?"

ಈಗ ನೆನೆದರೆ ನನಗೇ ನಗು ಬರುತ್ತದೆ. ಹತಾರ ಇದ್ದವರು ತಂದು ಒಪ್ಪಿಸಬೇಕು ಎಂದು ಊರೂರಲ್ಲಿ ಡಂಗುರ ಹೊಡೆದ ಕಾಲ ಅದು. ಅಂಥದರಲ್ಲಿ ಖಾಕಿ ಚೀಲ ಹಾಕಿಕೊಂಡ ಸರಕಾರಿ ಮನುಷ್ಯ ಮನೆಯಲ್ಲಿ ಚಾಕು ಇದೆಯಾ ಎಂದು ಕೇಳಿದರೆ ಯಾರು ಇದೆ ಅಂದಾರು? ಠಾಣಾ ಕುಶನೂರಿನಲ್ಲಿ ಒಬ್ಬ ಹೆಣ್ಣುಮಗಳು ಅಂಗಳದಲ್ಲಿ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು. ನಾನು ಕೇಳಿದ್ದೇ ತಡ, ಇಳಿಗೆಯನ್ನು ಸೆರಗಿನಲ್ಲಿ ಮುಚ್ಚಿದಳು.

"ನಮ್ಮನ್ಯಾಗ ಚಾಕು ಇಲ್ಲರಿ ಸಾಹೇಬ್ರ."

"ಮತ್ತ ಕಾಯಿಪಲ್ಲೆ ಹ್ಯಾಂಗ ಹೆಚ್ತೀರಿ ತಂಗಿ?"

"ಕೈಲೆ ಮುರೀತೀವ್ರಿ."

ಒಳಗಿನಿಂದ ಅವಳ ಮಾವ ಬಂದು, ಎತ್ತಿಗೆ ಔಷಧ ಹಾಕಿದ್ದಕ್ಕೆ ಕೈ ಮುಗಿದು, ನನ್ನ ಸೈಕಲ್ಲು ಓಣಿ ದಾಟುವ ತನಕ ಅಲ್ಲೇ ನಿಂತು ನೋಡಿದ. ಮುಂದಿನ ಸಲ ಆ ಊರಿಗೆ ಹೋದಾಗ ಯಾವ ಮನೆಯ ದನಕ್ಕೂ ರೋಗವೇ ಇರಲಿಲ್ಲ.

ಅವರು ನನ್ನನ್ನು ನಂಬದಿದ್ದಂತೆ ನಾನೂ ಅವರನ್ನು ನಂಬುತ್ತಿರಲಿಲ್ಲ. ಕೇಳದೆ ತಂದುಕೊಟ್ಟವರ ಬಗ್ಗೆಯಂತೂ ಹೆಚ್ಚು ಸಂಶಯ. ರಜಾಕಾರರ ಕಾಲದಲ್ಲಿ ಏನೇನೋ ಕೈ ಬದಲಾಗಿತ್ತು, ಆಮೇಲಿನ ದಿನಗಳಲ್ಲಿ ಇನ್ನೂ ಏನೇನೋ ಕೈ ಬದಲಾಗಿತ್ತು. ಯಾರ ಮನೆಯದು ಯಾರ ಮನೆಯಲ್ಲಿ ಇದೆ ಎಂದು ಹೇಳಲಾಗದ ಹಾಗಿತ್ತು. ದುಡಿದ ಚಾಕು ಮಾತ್ರ ನನ್ನ ಪೆಟ್ಟಿಗೆಗೆ ಬರಬೇಕು, ಮನುಷ್ಯರ ಮೇಲೆ ಎತ್ತಿದ್ದು ಬರಬಾರದು ಎಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಚಮ್ಮಾರ ತೊಗಲು ಕೊಯ್ಯುವ ರಂಪಿಗೆ ಬಂತು. ಈಚಲ ಮರ ಕೆತ್ತುವವನ ಅಗಲ ಕತ್ತಿ ಬಂತು. ಜೊಂಡಿನ ಬೋರು ಕಲಮು ಚೂಪು ಮಾಡುವ ಸಣ್ಣ ಚಾಕುವನ್ನು ಒಬ್ಬ ನಿವೃತ್ತ ಮುನ್ಷಿ ಕೊಟ್ಟರು. ಮದುವೆಯಲ್ಲಿ ಮದುಮಗ ಲಿಂಬೆಹಣ್ಣು ಚುಚ್ಚಿ ಹಿಡಿಯುವ ಕಟ್ಯಾರಿಯೊಂದನ್ನು ಔರಾದದ ಹಿರಿಯರೊಬ್ಬರು ಕೊಡಲು ಬಂದಾಗ ಬಹಳ ಯೋಚನೆ ಮಾಡಿದೆ. ಅದು ಲಿಂಬೆಹಣ್ಣು ಬಿಟ್ಟು ಬೇರೇನನ್ನೂ ಚುಚ್ಚಿಲ್ಲ ಎಂದು ಅವರು ಆಣೆ ಮಾಡಿದರು. ಆಣೆ ಮಾಡಿದ್ದರಿಂದಲೇ ನನಗೆ ಅನುಮಾನ ಬಂದು ಅದನ್ನು ಬಿಟ್ಟು ಬಂದೆ.

ಭಾಲ್ಕಿಯ ಹತ್ತಿರದ ಹಳ್ಳಿಯ ಕುರಿಗಾರನೊಬ್ಬ ದವಾಖಾನೆಗೆ ಬಂದದ್ದು ಚಳಿಗಾಲದಲ್ಲಿ. ಕುರಿ ತಂದಿರಲಿಲ್ಲ. ಎಲ್ಲರೂ ಹೋಗುವ ತನಕ ಬೇವಿನ ಗಿಡದ ಕೆಳಗೆ ಕೂತಿದ್ದು, ಆಮೇಲೆ ಕಂಬಳಿಯೊಳಗಿನಿಂದ ಒಂದು ಅರಿವೆಯ ಗಂಟು ತೆಗೆದ.

"ನೀವು ಚಾಕು ಇಟ್ಕೋತೀರಂತಲ್ರಿ. ಇದನ್ನ ಇಟ್ಕೋರಿ."

ಬಿಚ್ಚಿ ನೋಡಿದರೆ ಬಿದರಿ ಕೆಲಸದ ಹಿಡಿಕೆ. ಕಪ್ಪು ಮೈಮೇಲೆ ಬೆಳ್ಳಿಯ ಬಳ್ಳಿ ಎಲೆ ಎಲೆಯಾಗಿ ಹಬ್ಬಿತ್ತು. ಗೇಣುದ್ದದ ಅಲಗು. ಹಿಡಿಕೆಯ ಬುಡದಲ್ಲಿ ಹೆಸರು ಇದ್ದಿರಬೇಕಾದ ಜಾಗವನ್ನು ಯಾರೋ ಕಲ್ಲಿನಿಂದ ತಿಕ್ಕಿ ಹಾಳು ಮಾಡಿದ್ದರು.

"ಎಲ್ಲಿಂದ ಬಂತೋ ಇದು?"

"ಮನ್ಯಾಗಿತ್ರಿ."

"ಕುರಿ ಕಾಯೋರ ಮನ್ಯಾಗ ಬಿದರಿ ಹಿಡಿಕಿ?"

ಅವನು ಕಂಬಳಿ ಸರಿಮಾಡಿಕೊಂಡ. ಇದಕ್ಕೆ ಬದಲಾಗಿ ಏನು ಕೊಡಲಿ ಎಂದರೆ ಏನೂ ಬೇಡ ಅಂದ. ಅದು ನನಗೆ ಇನ್ನೂ ಕೆಟ್ಟದ್ದೆನಿಸಿತು. ಇಂಥ ವಸ್ತುವನ್ನು ಯಾರಾದರೂ ಸುಮ್ಮನೆ ಕೊಡುತ್ತಾರೆಯೇ? ಬೇಡ ಎಂದು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆತ ಗಂಟನ್ನು ಕಟ್ಟೆಯ ಮೇಲೆ ಬಿಟ್ಟು ನಡೆದುಬಿಟ್ಟಿದ್ದ. ಯಾವ ಹಳ್ಳಿಯವನು ಎಂಬುದು ನನಗೆ ಗೊತ್ತಿತ್ತು; ಅವನ ಕುರಿಗಳಿಗೆ ಹಿಂದೆ ಮದ್ದು ಕೊಟ್ಟಿದ್ದೆ.

ಆಯಿತವಾರ ನನ್ನ ಕೆಲಸ ಚಾಕುಗಳನ್ನು ಅಂಗಳಕ್ಕೆ ತಂದು, ಒರೆಸಿ, ಕಲ್ಲಿನ ಮೇಲೆ ಹರಿತ ಮಾಡಿ, ಎಣ್ಣೆ ಹಚ್ಚಿ ಇಡುವುದು. ಆ ಆಯಿತವಾರ ಬಿದರಿ ಹಿಡಿಕೆಯದನ್ನೂ ಬಿಸಿಲಿಗೆ ಇಟ್ಟಿದ್ದೆ. ಅಮ್ಮಾಜಿ ನೀರಿನ ಕೊಡ ಹಿಡಿದು ಬಂದವರು ಅದನ್ನು ನೋಡಿ ನಿಂತರು.

"ಇದು ಯಾರದು ಬೇಟಾ?"

"ಯಾರೋ ಕೊಟ್ಟಾರ್ರಿ ಅಮ್ಮಾಜಿ. ಗುರ್ತು ಅದ ಏನ್ರಿ ನಿಮಗ?"

"ಇಲ್ಲ" ಎಂದು ಒಳಗೆ ಹೋದರು. ಕೊಡ ಅಂಗಳದಲ್ಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ನಡುವಿನ ಬಾಗಿಲಿನ ಚಿಲಕ ಬೀಳುವ ಸದ್ದು ಕೇಳಿತು. ಮರುದಿನ ಚಹಾ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಎದುರಿಗೆ ಸಿಕ್ಕರೆ ತಲೆಯ ಮೇಲಿನ ಸೆರಗು ಎಳೆದುಕೊಂಡು ಸರಿದು ಹೋಗುತ್ತಿದ್ದರು.

ನನಗೆ ಖಾತ್ರಿಯಾಯಿತು. ಚಾಕು ಇವರಿಗೆ ಗೊತ್ತಿದ್ದವರದೇ. ನೆಂಟರದೋ, ಅಣ್ಣತಮ್ಮಂದಿರದೋ. ಕುರಿಗಾರ ಅದನ್ನು ಯಾರ ಮೈಯಿಂದ ಕಸಿದನೋ, ಯಾರ ಮನೆಯಿಂದ ಹೊತ್ತನೋ. ಹೆಸರು ತಿಕ್ಕಿ ಹಾಕಿದ್ದಕ್ಕೆ ಬೇರೆ ಏನು ಅರ್ಥ? ಆ ಗಂಟು ನನ್ನ ಕೋಣೆಯಲ್ಲಿರುವಾಗ ಊಟ ರುಚಿಸಲಿಲ್ಲ. ವಾರ ಕಳೆಯುವುದರೊಳಗೆ ಅದನ್ನು ಚೀಲಕ್ಕೆ ಹಾಕಿಕೊಂಡು ಭಾಲ್ಕಿಗೆ ಹೊರಟೆ.

ಕುರಿಗಾರ ಹಟ್ಟಿಯಲ್ಲಿ ಮುಳ್ಳುಬೇಲಿ ಸರಿಮಾಡುತ್ತಿದ್ದ. ಅವನ ಹೆಂಡತಿ ಮರಿಗಳಿಗೆ ಹಾಲೂಡಿಸುತ್ತಿದ್ದಳು. ಗಂಟು ನೋಡಿದ್ದೇ ಅವನ ಮುಖ ಇಳಿಯಿತು.

"ಯಾಕ ವಾಪಸ ತಂದ್ರಿ ಸಾಹೇಬ್ರ?"

"ಖರೇ ಹೇಳು. ಇಲ್ಲಂದ್ರ ಇದನ್ನ ಪೊಲೀಸರ ಕಡೀನೇ ಒಯ್ತೇನಿ."

ಅವನು ಕುಕ್ಕರುಗಾಲಲ್ಲಿ ಕೂತು ಹೇಳಿದ. ಗಲಾಟೆಯಾದಾಗ ಊರಿನ ಒಬ್ಬ ಮುಸಲ್ಮಾನ ಸಾಹೇಬರು ಹೆಂಡತಿಯ ಜೊತೆ ಅವನ ಹಟ್ಟಿಗೆ ಬಂದು ಬಿದ್ದರಂತೆ. ಅವರನ್ನು ಭಾಲ್ಕಿ ಟೇಶನ್ನಿಗೆ ಮುಟ್ಟಿಸಿ ರೈಲು ಹತ್ತಿಸಿದನಂತೆ. ಅವರೇ ಖುಷಿಯಿಂದ ಚಾಕು ಕೊಟ್ಟರಂತೆ.

ನನಗೆ ಅವ್ವ ಗಲಾಟೆಯ ಬಗ್ಗೆ ಹೇಳಿದ್ದು ನೆನಪಾಯಿತು. ಆ ದಿನಗಳಲ್ಲಿ ನಮ್ಮೂರಿಗೆ ರೈಲು ಬರುವುದು ನಿಂತಿತ್ತು. "ಸುಳ್ಳು" ಅಂದೆ. "ಅವಾಗ ರೈಲ್ ಎಲ್ಲಿತ್ತೋ?"

ಅವನು ಬೇಲಿಯ ಮುಳ್ಳನ್ನು ಮತ್ತೆ ಕೈಗೆತ್ತಿಕೊಂಡ. ಮಾತಾಡಿದವಳು ಅವನ ಹೆಂಡತಿ.

"ಖರೇ ಹೇಳಿಬಿಡು. ಎಷ್ಟು ದಿನ ಅಂಜತಿ?" ಎಂದು ಗಂಡನಿಗೆ ಹೇಳಿ, ನನ್ನ ಕಡೆ ತಿರುಗಿದಳು. "ರೈಲಿಗಿ ಒಯ್ದಿಲ್ರಿ. ನಮ್ಮ ಕುರಿ ಜೋಡಿ ಒಯ್ದೀವಿ. ಸಾಹೇಬ್ರಿಗಿ ಇವನ ಕಂಬಳಿ ಹೊಚ್ಚಿದ್ವಿ, ಅವರ ಹೆಂಡ್ತಿಗಿ ನನ್ನ ಸೀರಿ ಉಡಿಸಿದೆ. ಹಿಂಡಿನಾಗ ನಡಸ್ಕೋತ ಬೀದರ ಬಾಜೂದ ಅಷ್ಟೂರ ತನಕ ಹೋದ್ವಿ. ಅಲ್ಲಿ ಗೋರಿ ಗುಮ್ಮಟದಾಗ ಅವರ ಮಂದಿ ಇದ್ರು. ಅಲ್ಲಿ ಬಿಟ್ಟು ಬಂದ್ವಿ."

"ಮತ್ತ ಸುಳ್ಳು ಯಾಕ ಹೇಳಿದಿ?"

ಈಗ ಅವನು ಬಾಯಿ ಬಿಟ್ಟ. "ಊರಾಗ ಬಾಳುವೆ ಮಾಡಬೇಕಲ್ರಿ. ಅವರನ್ನ ಹುಡಿಕ್ಕೋತ ಬಂದವರು ನಮ್ಮೂರವ್ರೇ. ನಾವು ಪಾರು ಮಾಡೀವಿ ಅಂತ ಗೊತ್ತಾದ್ರ ನಮಗ ಉಳಿಗಾಲ ಇಲ್ಲ. ಪೊಲೀಸರು ನೋಡಿದ್ರ ಲೂಟಿ ಮಾಲು ಅಂತಾರ. ಹಿಂಗಾಗಿ ಅಕ್ಷರ ತಿಕ್ಕಿದೆ. ಹೂಳಬೇಕಂದ್ರ ಮನಸಾಗಲಿಲ್ಲ."

"ಏನ್ ಬರದಿತ್ತು?"

"ನನಗೆಲ್ಲಿ ಓದಾಕ ಬರ್ತದ್ರಿ? ಅವರಿಗಿ ನಾವು ಸಾಹೇಬ್ರು ಅಂತಿದ್ವಿ, ಅಷ್ಟೇ."

ನಾನು ಅರ್ಧ ನಂಬಿದೆ. ಇನ್ನರ್ಧ ನಂಬಲಿಲ್ಲ. ಮೊದಲು ಸುಳ್ಳು ಹೇಳಿದ ಬಾಯಿ ಎರಡನೆಯ ಸಲ ಸತ್ಯ ಹೇಳಿತೆಂದು ಹೇಗೆ ನಂಬುವುದು? ಆದರೆ ತನ್ನ ಸೀರೆ ಉಡಿಸಿದೆ ಎಂದಾಗ ಆ ಹೆಣ್ಣುಮಗಳ ಕೈ ತಾನಾಗಿಯೇ ತನ್ನ ಸೆರಗನ್ನು ಹಿಡಿದಿತ್ತು. ಅಷ್ಟು ನಂಬಿಕೆಯನ್ನು ಕಟ್ಟಿಕೊಂಡು, ಗಂಟನ್ನೂ ಹಿಡಿದುಕೊಂಡು, ಬೀದರಿಗೆ ತಿರುಗಿ ಬಂದೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅಮ್ಮಾಜಿಯನ್ನು ತಡೆದು ನಿಲ್ಲಿಸಿದೆ. ಅವರು ಗೋಡೆಗೆ ಒತ್ತಿ ನಿಂತರು.

"ಅಮ್ಮಾಜಿ, ಆ ಚಾಕು ನಿಮ್ಮ ಪೈಕಿಯವ್ರದೇ ಇದ್ರ ಹೇಳಿಬಿಡ್ರಿ. ಅದು ಹ್ಯಾಂಗ ಬಂತು ಅಂತ ಕೇಳ್ಕೊಂಡು ಬಂದೀನಿ." ಕುರಿಗಾರನ ಮನೆಯಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಲೆ ಅಲ್ಲಾಡಿಸಿದರು.

"ಆ ಚಾಕು ಯಾರದೋ ನನಗ ಗೊತ್ತಿಲ್ಲ ಬೇಟಾ. ನಾ ಅಂಜಿದ್ದು ಅದಕ್ಕಲ್ಲ."

"ಮತ್ತ?"

"ನಿನಗ."

ಅವರು ಅರ್ಧ ದಖನಿಯಲ್ಲಿ, ಅರ್ಧ ಕನ್ನಡದಲ್ಲಿ, ನಿಂತು ನಿಂತು ಹೇಳಿದರು. "ನೀ ಬಂದಾಗ ಒಂದೆರಡು ಚಾಕು ಇದ್ವು. ದನದ ಡಾಕ್ಟರು, ಇರಲಿ ಅಂದೆ. ಆಮ್ಯಾಲೆ ಒಂದೊಂದೇ ಬಂದ್ವು. ಆಯಿತವಾರಕ್ಕೊಮ್ಮೆ ನೀ ಕಲ್ಲಿನ ಮ್ಯಾಲೆ ತಿಕ್ಕೋ ಸಪ್ಪಳ ಕೇಳಿದ್ರ ನನ್ನ ಎದಿ ಝಲ್ ಅಂತಿತ್ತು. ನಿನ್ನ ಬಾಡಿಗಿಯವ ಯಾಕ ಹತಾರ ಕೂಡಸ್ಲಿಕ್ಕತ್ಯಾನ ಅಂತ ಬಾಜೂದವರು ಕೇಳಿದ್ರು. ನಾ ಏನ್ ಹೇಳಲಿ? ಕಡೀಕ ಅದೊಂದು ಬಂತು, ಅಕ್ಷರ ತಿಕ್ಕಿದ್ದು. ಯಾರದರೆ ಇರ್ಲಿ, ನಮ್ಮ ಮಂದೀದು ಅಂತ ನೋಡಿದ ಕೂಡ್ಲೆ ಗೊತ್ತಾತು. ಅದನ್ನ ಕಸಕೊಂಡವ್ರಂಥವನೇ ಇವನೂ ಅಂತ ಅನಿಸ್ತು. ಚಿಲಕ ಹಾಕ್ಕೊಂಡೆ."

ಊರ ಮಂದಿಯನ್ನೆಲ್ಲ ಅನುಮಾನಿಸುತ್ತ ತಿರುಗಿದ ನನಗೆ, ಬಾಗಿಲಿನ ಆಚೆ ಒಬ್ಬ ಮುದುಕಿ ನನ್ನನ್ನೇ ಅನುಮಾನಿಸಿ ನಿದ್ದೆಗೆಟ್ಟಿದ್ದು ತಿಳಿದೇ ಇರಲಿಲ್ಲ. ಕೋಣೆಗೆ ಹೋಗಿ ಪೆಟ್ಟಿಗೆಯನ್ನು ಎತ್ತಿ ತಂದು ಅವರ ಮುಂದೆ ಇಟ್ಟೆ.

"ನೀವೇ ಆರಿಸ್ರಿ ಅಮ್ಮಾಜಿ. ಯಾವುದು ಈ ಮನ್ಯಾಗ ಇರಬೇಕು, ಯಾವುದು ಇರಬಾರದು. ನೀವು ಬ್ಯಾಡ ಅಂದದ್ದು ಇವತ್ತೇ ಹೋಗ್ತದ."

ಅವರು ಮೊದಲು ಹತ್ತಿರ ಬರಲಿಲ್ಲ. ನಾನು ನಾಕು ಹೆಜ್ಜೆ ಹಿಂದೆ ಸರಿದು ತುಳಸಿಯಿಲ್ಲದ ಆ ಅಂಗಳದ ಆಚೆ ಮೂಲೆಯಲ್ಲಿ ಕೂತ ಮೇಲೆ ಬಂದು ಪೆಟ್ಟಿಗೆಯ ಮುಂದೆ ಕೂತರು. ಒಂದೊಂದನ್ನೇ ಎರಡು ಬೆರಳಿನಲ್ಲಿ ಎತ್ತಿ, "ಇದು ಏನು ಮಾಡ್ತಿತ್ತು?" ಎಂದು ಕೇಳಿದರು. ಗೊರಸಿನ ಚಾಕು, ಇರಲಿ. ರಂಪಿಗೆ, ಇರಲಿ. ಕಲಮಿನ ಚಾಕುವನ್ನು ಮುಟ್ಟಿದಾಗ ಸ್ವಲ್ಪ ನಕ್ಕರು. ಗಂಡನ ಹತ್ತಿರ ಅಂಥದೇ ಇತ್ತಂತೆ. ಈಚಲ ಮರದ ಕತ್ತಿಯನ್ನು ಎತ್ತಲೂ ಇಲ್ಲ. "ದುಡದದ್ದು ಖರೇ, ಆದ್ರ ನೋಡಿದ್ರೇ ಹೆದರಿಕಿ ಬರ್ತದ. ಒಯ್ದು ಬಿಡು" ಅಂದರು. ನಾನು ಬಹಳ ಇಷ್ಟಪಟ್ಟು ತಂದಿದ್ದ ಒಂದು ಚೂರಿಯ ಬಗ್ಗೆ ಕೇಳಿದಾಗ, ಅದು ಯಾರ ಕೈಯಲ್ಲಿತ್ತು ಎಂದು ನನಗೆ ಸರಿಯಾಗಿ ಹೇಳಲಾಗಲಿಲ್ಲ. ಅದನ್ನು ಅವರು ತುಟಿ ಬಿಗಿದು ದೂರ ತಳ್ಳಿದರು. ನನ್ನ ಕಟ್ಟಿಗಿಂತ ಅವರ ಕಟ್ಟು ಬಿಗಿಯಾಗಿತ್ತು.

ಕಡೆಗೆ ಬಿದರಿ ಹಿಡಿಕೆಯದು ಉಳಿಯಿತು. ಅದನ್ನು ಅವರು ಬಹಳ ಹೊತ್ತು ತಿರುವಿ ನೋಡಿದರು. ತಿಕ್ಕಿದ ಜಾಗವನ್ನು ಬಿಸಿಲಿಗೆ ಹಿಡಿದು ಓದಲು ನೋಡಿದರು. ಒಂದು ಅಕ್ಷರವೂ ಉಳಿದಿರಲಿಲ್ಲ.

"ಆ ಕುರಿಯವ ಹೇಳಿದ್ದು ಖರೇ ಅಂತೀಯೇನು?"

"ಅರ್ಧ ನಂಬಿಗಿ ಅದ್ರಿ."

"ನನಗೂ ಅಷ್ಟೇ." ಅರಿವೆಯಲ್ಲಿ ಸುತ್ತಿ ತಮ್ಮ ಉಡಿಯಲ್ಲಿ ಇಟ್ಟುಕೊಂಡರು. "ಇದು ನಿನ್ನ ಪೆಟಗೀಗಿ ಬ್ಯಾಡ, ನನ್ನ ಹತ್ರ ಇರ್ಲಿ. ಅವರು ಜೀವಂತ ಇದ್ರ ಒಂದಿನ ಕೇಳ್ಕೊಂಡು ಬಂದಾರು. ದನದ ದವಾಖಾನಿಗಿ ಯಾಕ ಬರ್ತಾರ? ನಮ್ಮಂಥವರ ಮನೀಗೇ ಬರ್ತಾರ."

ಬೇಡವೆಂದವುಗಳನ್ನು ಅವತ್ತೇ ದವಾಖಾನೆಯ ಕಪಾಟಿಗೆ ಒಯ್ದೆ. ಕೆಲವನ್ನು ಕೊಟ್ಟವರಿಗೇ ತಿರುಗಿ ಕೊಟ್ಟೆ. ಹರಿತ ಮಾಡುವ ಕಲ್ಲನ್ನೂ ಮನೆಯಿಂದ ಹೊರಗೆ ಹಾಕಿದೆ. ಚಹಾ ತಕ್ಷಣ ಬರಲಿಲ್ಲ. ಚಿಲಕ ಇನ್ನೂ ಕೆಲವು ದಿನ ಬೀಳುತ್ತಲೇ ಇತ್ತು. ಒಂದು ಮುಂಜಾನೆ ಬಾಗಿಲು ಸರಿದು ಬಟ್ಟಲು ಒಳಗೆ ಬಂತು, ಮಾತು ಬರಲಿಲ್ಲ. ಮಾತು ಬರಲು ಬೇಸಿಗೆ ಬರಬೇಕಾಯಿತು.

ಬೀದರಿನಲ್ಲಿ ಇದ್ದಷ್ಟು ಕಾಲ ನಾನು ಬಿದರಿ ಚಾಕುವಿನ ಸುದ್ದಿ ಎತ್ತಲಿಲ್ಲ. ಸಂಸ್ಥಾನ ಒಡೆದು ನಮ್ಮ ಜಿಲ್ಲೆ ಮೈಸೂರಿಗೆ ಸೇರುವ ಹೊತ್ತಿಗೆ ನನಗೆ ವರ್ಗವಾಯಿತು. ಅಮ್ಮಾಜಿಯೂ ಮನೆ ಮಾರಿ ಮಗಳ ಹತ್ತಿರ ಹೊರಟರು. ಬಸ್ಸಿಗೆ ಕೂಡಿಸಲು ನಾನೇ ಹೋಗಿದ್ದೆ. ಟ್ರಂಕು ಮೇಲೇರಿಸಿ ಕೆಳಗೆ ಇಳಿದವನು ಕಿಟಕಿಯ ಹತ್ತಿರ ನಿಂತು ಕೇಳಿದೆ:

"ಯಾರೂ ಬರಲಿಲ್ಲೇನ್ರಿ ಅಮ್ಮಾಜಿ?"

ಅವರು ಎಲೆಯಡಿಕೆಯ ಪಾನದಾನಿನ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. ಅದರೊಳಗೆ ಆ ಅರಿವೆಯ ಗಂಟಿನ ತುದಿ ಕಂಡಿತು.

"ಇಲ್ಲಿ ಬರಲಿಲ್ಲ. ಹೈದರಾಬಾದಿಗಿ ಈ ಕಡೀ ಮಂದಿ ಭಾಳ ಹೋಗ್ಯಾರ. ಮದುವಿ ಮುಂಜಿವಿಗಿ ಕರೀತಾರ, ಹೋದಲ್ಲೆಲ್ಲ ತೋರಸ್ತೇನಿ. ಯಾರರೆ ಗುರ್ತು ಹಿಡದಾರು."

ಬಸ್ಸು ಹೊರಟಿತು. ನಾನು ದವಾಖಾನೆಗೆ ಹೋದೆ. ಅವತ್ತು ಎಮ್ಮೆಯೊಂದು ಕರು ಹಾಕಲಾಗದೆ ಒದ್ದಾಡುತ್ತಿತ್ತು, ಸಂಜೆಯ ತನಕ ಕೈ ಬಿಡುವಾಗಲಿಲ್ಲ.